ಬೋಟ್ಸ್ವಾನಾದ ಹಳ್ಳಿಯಲ್ಲಿ ತಕರಾರು ಎದ್ದರೆ: ಕ್ಗೋಟ್ಲಾಗೋ, ಮ್ಯಾಜಿಸ್ಟ್ರೇಟ್ ಕೋರ್ಟಿಗೋ?

ಬೋಟ್ಸ್ವಾನಾದಲ್ಲಿ ಜಗಳ ಎಲ್ಲಿಗೆ ಒಯ್ಯುವುದು ಅಂತ ಕೇಳಿದ್ದೀರಿ. ಎರಡು ದಾರಿ ಇದೆ. ಒಂದು, ಊರಿನ ಮುಖ್ಯಸ್ಥ 'ಕ್ಗೋಸಿ' ನಡೆಸುವ ಕ್ಗೋಟ್ಲಾ, ಅಂದರೆ ಊರವರು ಸೇರುವ ಸಾಂಪ್ರದಾಯಿಕ ನ್ಯಾಯಸಭೆ. ಇನ್ನೊಂದು ಮ್ಯಾಜಿಸ್ಟ್ರೇಟ್ ಕೋರ್ಟು.

ಮೊದಲು ಖರ್ಚು. ಕ್ಗೋಟ್ಲಾದಲ್ಲಿ ವಕೀಲರು ವಾದಿಸುವಂತಿಲ್ಲ, ಹಾಗಾಗಿ ಫೀಸು ಉಳಿಯುತ್ತದೆ. ನಿಮ್ಮ ಮಾತು ನೀವೇ ಆಡಬೇಕು. ಆದರೆ ಗಂಭೀರ ಆರೋಪ ಹೊತ್ತವರು ಸುಮ್ನೆ ಹಣ ಉಳಿಸಲು ಹೋಗಬೇಡಿ. ಅಲ್ಲಿ ಚಾಟಿಯೇಟಿನ ಶಿಕ್ಷೆಯೂ ಬೀಳಬಹುದು. ವಕೀಲರು ಬೇಕು ಅನ್ನಿಸಿದರೆ ಮ್ಯಾಜಿಸ್ಟ್ರೇಟ್ ಕೋರ್ಟೇ ಸರಿ.

ಸಂಬಂಧದ ವಿಷಯಕ್ಕೆ ಬಂದರೆ ನನ್ನ ಒಲವು ಕ್ಗೋಟ್ಲಾ ಕಡೆಗೆ. ಮರದ ಕಂಬಗಳನ್ನು ಒತ್ತೊತ್ತಾಗಿ ನೆಟ್ಟ ಅರ್ಧಚಂದ್ರಾಕಾರದ ಬೇಲಿ, ಅದರೊಳಗೆ ಊರಿನ ಜನ. ದೂರು ಕೊಟ್ಟವರು ಮಾತಾಡುತ್ತಾರೆ, ಎದುರಿನವರು ಮಾತಾಡುತ್ತಾರೆ, ಕೂತವರೂ ಪ್ರಶ್ನೆ ಕೇಳುತ್ತಾರೆ. ಕ್ಗೋಸಿ ಎಲ್ಲ ಕೇಳಿಸಿಕೊಂಡು ಕೊನೆಗೆ ತೀರ್ಮಾನ ಹೇಳುತ್ತಾರೆ. ಪಕ್ಕದ ಮನೆಯ ದನ ನಿಮ್ಮ ಹೊಲಕ್ಕೆ ನುಗ್ಗಿದ್ದರೆ, ನಾಳೆಯೂ ಅವರ ಜೊತೆಗೇ ಬಾಳಬೇಕು ಅಲ್ವಾ? ಅಂಥ ಜಗಳಕ್ಕೆ ಇದೇ ತಕ್ಕ ಜಾಗ.

ಮನೆಯ ಗುಟ್ಟು ಊರ ಮುಂದೆ ಬರಬಾರದು ಅನ್ನುವವರಿಗೆ ಇದೇ ಜಾಸ್ತಿ ಕಷ್ಟ. ಹಿಂದೆ ಹೆಂಗಸರಿಗೆ ಅಲ್ಲಿ ಮಾತಾಡುವ ಅವಕಾಶವೂ ಕಡಿಮೆ ಇತ್ತು. ಈಗ ಹಾಗಿಲ್ಲ. 2003ರಲ್ಲಿ ಮೊಸಾದಿ ಸೆಬೋಕೊ ಎಂಬ ಮಹಿಳೆಯೇ ಬಾಲೆಟೆ ಬುಡಕಟ್ಟಿನ ಜನರ ಕ್ಗೋಸಿಯಾಗಿ ಪಟ್ಟಕ್ಕೇರಿದರು. ಇದು ನಿಜಕ್ಕೂ ದೊಡ್ಡ ಬದಲಾವಣೆ.

ತೀರ್ಪು ಒಪ್ಪಿಗೆಯಾಗದಿದ್ದರೆ ಎರಡೂ ಕಡೆ ಮೇಲ್ಮನವಿಗೆ ದಾರಿ ಇದೆ. ಹಳ್ಳಿಯ ಸಮುದಾಯಕ್ಕೆ ಸೇರಿದ ಜಮೀನನ್ನು ಮಂಜೂರು ಮಾಡಿಸಿಕೊಳ್ಳಬೇಕಾದರೆ ಮಾತ್ರ ಇವೆರಡೂ ಅಲ್ಲ. 1968ರ ಕಾನೂನು ಆ ಅಧಿಕಾರವನ್ನು ಮುಖ್ಯಸ್ಥರಿಂದ ಲ್ಯಾಂಡ್ ಬೋರ್ಡಿಗೆ ಕೊಟ್ಟಿತು. ನೇರ ಅಲ್ಲಿಗೇ ಹೋಗಿ.