ಬುಸೆರಿಯಾಸ್‌ನಲ್ಲಿ ದಿನಸಿ: ಐದು ಚಳಿಗಾಲಗಳ ಅನುಭವ

ಎಡ್ಮಂಟನ್‌ನ ಹಿಮಕ್ಕೆ ಬೆನ್ನು ತೋರಿಸಿ ಜನವರಿಯಿಂದ ಮಾರ್ಚ್‌ವರೆಗೆ ಮೆಕ್ಸಿಕೋದ ಬುಸೆರಿಯಾಸ್‌ನಲ್ಲಿ ಕಾಲ ಕಳೆಯಲು ಶುರು ಮಾಡಿ ನಮಗಿದು ಐದನೇ ವರ್ಷ. ಪುಯೆರ್ತೊ ವಯಾರ್ತಾದಲ್ಲಿ ವಿಮಾನ ಇಳಿದು, ಅಮೆಕಾ ನದಿ ದಾಟಿ ನಯಾರಿತ್ ರಾಜ್ಯಕ್ಕೆ ಬಂದರೆ ಊರು ದೂರವಿಲ್ಲ. ಕಡಲತೀರದ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ನಾನು ಬರೆಯುವುದು ಅಡುಗೆಮನೆಯ ಬಗ್ಗೆ.

ಮೊದಲ ವರ್ಷ ಬಂದ ಮರುದಿನವೇ ಸದಸ್ಯತ್ವದ ಸಗಟು ಮಳಿಗೆಗೆ ನುಗ್ಗಿ, ಮದುವೆಮನೆಗೆ ಸಾಮಾನು ತರುವವರಂತೆ ಹೇರಿಕೊಂಡು ಬಂದೆವು. ಬಾಡಿಗೆ ಮನೆಯ ಫ್ರಿಜ್ ನನ್ನ ಸೊಂಟದ ಎತ್ತರ. ಸಕ್ಕರೆಗೆ ಇರುವೆ, ಬ್ರೆಡ್ಡಿಗೆ ಬೂಸು. ಮಾರ್ಚ್ ಕೊನೆಗೆ ಅರ್ಧ ಚೀಲ ಅಕ್ಕಿಯನ್ನೂ ಮೂರು ಬಾಟಲಿ ಎಣ್ಣೆಯನ್ನೂ ಪಕ್ಕದ ಮನೆಯವರಿಗೆ ಕೊಟ್ಟು ವಿಮಾನ ಹತ್ತಿದೆವು. ಆಮೇಲೆ ಆ ಮಳಿಗೆಯ ಕಡೆ ತಲೆ ಹಾಕಿಲ್ಲ. ಮೂರು ತಿಂಗಳಿಗೆಂದು ಕೂಡಿಡಬೇಕಾದ ವಸ್ತು ಇಲ್ಲಿ ಬಹಳ ಕಡಿಮೆ.

ಆ ಕಡಿಮೆಯಲ್ಲಿ ಮೊದಲನೆಯದು ಒಣಮೆಣಸಿನಕಾಯಿ. ನನ್ನ ಹೆಂಡತಿ ಬ್ಯಾಡಗಿ ಕಡೆಯವಳು. ಈ ವಿಷಯದಲ್ಲಿ ಅವಳ ತೀರ್ಪೇ ಅಂತಿಮ. ಗ್ವಾಹಿಯೊ ಎಂಬ ಕಾಯಿಯನ್ನು ಮುರಿದು ಮೂಸಿ, ಹುರಿದು ಪುಡಿ ಮಾಡಿ, "ಬಣ್ಣವೇನೋ ಬಂತು ರೀ, ಖಾರ ಎಲ್ಲಿದೆ?" ಎಂದಳು. ಬ್ಯಾಡಗಿಯಂತೆ ಇದೂ ಬಣ್ಣಕ್ಕೆ ಮುಂದೆ, ಖಾರಕ್ಕೆ ಹಿಂದೆ. ಆದರೆ ಮೈ ಸುಕ್ಕಿಲ್ಲ, ನುಣುಪು. ಖಾರಕ್ಕೆ ಚಿಲೆ ದೆ ಆರ್ಬೊಲ್ ಇದೆ, ಕಿರುಬೆರಳಿಗಿಂತ ಸಣ್ಣದು, ಒಗ್ಗರಣೆಗೆ ಹಾಕಿದರೆ ಇಡೀ ಮನೆ ಕೆಮ್ಮುತ್ತದೆ. ಮೊದಲನೆಯದು ಎಂಟು, ಎರಡನೆಯದು ಎರಡು, ಜೊತೆಗೆ ಅಂಗಡಿಯ ಕೊತ್ತಂಬರಿ ಬೀಜ ಮತ್ತು ಜೀರಿಗೆ. ಇದು ನಮ್ಮ ಈಗಿನ ಸಾರಿನ ಪುಡಿ. ಇಂಗು ಮಾತ್ರ ಊರಿನಿಂದಲೇ ಬರಬೇಕು. ತೊಗರಿಬೇಳೆ ನನ್ನ ಕಣ್ಣಿಗೆ ಬಿದ್ದಿಲ್ಲ. ಸಿಪ್ಪೆ ಇರುವ ಕಂದು ಲೆಂತೆಹಾದಲ್ಲಿ, ಅಂದರೆ ಇಡಿ ಮಸೂರದಲ್ಲಿ, ಹುಳಿ ಮಾಡುತ್ತೇವೆ, ನೋಡಲು ಸ್ವಲ್ಪ ಕಪ್ಪು. ಹುಣಸೆ ಧಾರಾಳ. ಬೆಲ್ಲಕ್ಕೆ ಪಿಲೊನ್ಸಿಯೊ, ಶಂಕುವಿನಾಕಾರದ ಗಟ್ಟಿ ಅಚ್ಚು. ಕುಟ್ಟಲು ಕಲ್ಲು ಬೇಕು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಡಬ್ಬಿಯ ಹುರಿದ ಬೀನ್ಸ್ ಮತ್ತು ಗೋಧಿಯ ತೋರ್ತಿಯಾದಲ್ಲಿ (ಇಲ್ಲಿನ ತೆಳು ರೊಟ್ಟಿ) ಮಾಂತೆಕಾ ಎಂದಿದ್ದರೆ ಅದು ಹಂದಿಯ ಕೊಬ್ಬಿರಬಹುದು. 'ವೆಹೆತಾಲ್' (ಸಸ್ಯಜನ್ಯ) ಎಂದಿದ್ದರೆ ಮಾತ್ರ ತೊಂದರೆಯಿಲ್ಲ. ಬೀದಿಯ ತೋರ್ತಿಯೆರಿಯಾದಲ್ಲಿ ಬಿಸಿಬಿಸಿಯಾಗಿ ಕಾಗದದಲ್ಲಿ ಸುತ್ತಿ ಕೊಡುವ ಮೆಕ್ಕೆಜೋಳದ ತೋರ್ತಿಯಾ ಆ ಚಿಂತೆ ಇಡುವುದಿಲ್ಲ. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬುವುದರಿಂದ ಹಿಟ್ಟಿಗೆ ತಾನಾಗಿಯೇ ಜಿಗುಟು ಬರುತ್ತದೆ. ಅದೇ ಹಿಟ್ಟಿನ ಪೊಟ್ಟಣ ತಂದು ಹೆಂಡತಿ ರೊಟ್ಟಿ ತಟ್ಟಿದಳು. ನಮ್ಮ ಬಿಳಿಜೋಳದ ರೊಟ್ಟಿಯ ರುಚಿಯಲ್ಲ, ಆದರೂ ಎಣ್ಣೆಗಾಯಿ ಜೊತೆ ನಾಲ್ಕು ಇಳಿದವು.

ಹಾಲಿನಲ್ಲಿ ನಾನು ಎರಡು ವರ್ಷ ಮೋಸಹೋದೆ. ಅಗ್ಗದ ಪೊಟ್ಟಣದ ಮೇಲೆ ಹಸುವಿನ ಚಿತ್ರವಿತ್ತು, ಒಳಗೆ ಸಸ್ಯಜನ್ಯ ಕೊಬ್ಬು ಬೆರೆಸಿದ ಮಿಶ್ರಣ. ಮೊಸರಿಗಿಟ್ಟರೆ ಬೆಳಿಗ್ಗೆ ಲೋಳೆ. 'ಲೆಚೆ' (ಹಾಲು) ಎಂದು ಮಾತ್ರ ಬರೆದಿರುವುದನ್ನೇ ಹುಡುಕಿ.

ಕುಡಿಯಲು, ಬೇಯಿಸಲು ಇಪ್ಪತ್ತು ಲೀಟರಿನ ಗರಾಫೋನ್ ನೀರು ಮನೆ ಬಾಗಿಲಿಗೆ ಬರುತ್ತದೆ. ಖಾಲಿ ಕ್ಯಾನಿಗೆ ಮುಂಗಡ ಕಟ್ಟಬೇಕು. ಮನೆಗೆ ತರಕಾರಿ ತಂದುಕೊಡುವ ಆ್ಯಪ್ ಒಂದನ್ನು ಬಳಸಿ ನೋಡಿದೆ. ಕೇಳಿದ್ದು ಕೊತ್ತಂಬರಿ, ಬಂದದ್ದು ಪಾರ್ಸ್ಲಿ, ಅದೂ ಮೂರು ಕಟ್ಟು. ಸಾಕಾಯಿತು.

ನನ್ನ ಐದು ನಕ್ಷತ್ರ ವಾರದ ಸಂತೆಗೆ. ತಿಯಾಂಗಿಸ್ ಎನ್ನುತ್ತಾರೆ, ಇಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಬಂದ ಪದ. ಸೀಮೆ ಬದನೆಕಾಯಿ ಇಲ್ಲಿ ರಾಶಿ ರಾಶಿ. ನಾವು 'ಸೀಮೆ' ಎಂದು ಕರೆದ ಈ ಕಾಯಿಗೆ ತವರು ಇದೇ ಮೆಕ್ಸಿಕೋ, ಪರದೇಶಿ ನಾನೇ. ಚಿಲ್ಲರೆ ಇಟ್ಟುಕೊಳ್ಳಿ, ಎಟಿಎಂ ಕೊಡುವ 500 ಪೆಸೊ ನೋಟನ್ನು ಬೆಳ್ಳಂಬೆಳಿಗ್ಗೆ ಯಾರೂ ಮುಟ್ಟುವುದಿಲ್ಲ. ತೂಗಿದ ಮೇಲೆ ಒಂದು ನಿಂಬೆಯನ್ನೋ ಎರಡು ಹಸಿಮೆಣಸನ್ನೋ ಮೇಲೆ ಹಾಕುತ್ತಾರೆ. ಅದಕ್ಕೆ ಇಲ್ಲಿ ಪಿಲೋನ್ ಎಂದು ಹೆಸರು, ನಮ್ಮ ಕೊಸರು. ನಾನು ಕೇಳಲು ನಾಚುತ್ತೇನೆ, ಹೆಂಡತಿ ನಾಚುವುದಿಲ್ಲ.

ಬೆಣ್ಣೆಹಣ್ಣಿನ ಅಂಗಡಿಯವನು ತೂಗುವ ಮುಂಚೆ ಕೇಳುತ್ತಾನೆ: ಇವತ್ತಿಗೋ, ನಾಳೆಗೋ? ತೊಟ್ಟಿನ ಬಳಿ ಹೆಬ್ಬೆರಳಿಟ್ಟು ಆರಿಸಿಕೊಡುತ್ತಾನೆ. ನಾನು ಎರಡು ಇವತ್ತಿಗೆ, ಎರಡು ಗುರುವಾರಕ್ಕೆ ಎನ್ನುತ್ತೇನೆ. ಈ ಐದು ವರ್ಷಗಳಲ್ಲಿ ಗುರುವಾರದ ಹಣ್ಣು ಒಂದೇ ಒಂದು ಸಲ ಬುಧವಾರ ಮೆತ್ತಗಾಗಿತ್ತು.