ಹಳೇ ಡಿ ಆ್ಯಂಡ್ ಡಿ ಸ್ಕೋರ್‌ಗಳನ್ನು ಸರಳ ಮಾಡಲು ನಾವು ಆಡಿ ನೋಡಿದ ನಿಯಮಗಳು

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಡಿ ಆ್ಯಂಡ್ ಡಿ) ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸುತ್ತಾ ಆಡುವ ಕಥೆಯಾಟ. ಅದರ 1978ರ ಅಡ್ವಾನ್ಸ್ಡ್ ಆವೃತ್ತಿ ಆಡುವವರಿಗೆ ಈ ತಲೆನೋವು ಗೊತ್ತಿರುತ್ತದೆ. ಪಾತ್ರದ ಆರು ಗುಣಗಳಿಗೆ 3ರಿಂದ 18ರ ಸ್ಕೋರ್, ಯಾವ ಸ್ಕೋರ್‌ಗೆ ಎಷ್ಟು ಬೋನಸ್ ಅಂತ ಹೇಳಲು ಆರು ಬೇರೆ ಬೇರೆ ಪಟ್ಟಿ. ಸ್ಟ್ರೆಂತ್ (ಬಲ) 16 ಇದ್ದರೆ ಡ್ಯಾಮೇಜ್‌ಗೆ (ಏಟು ಮಾಡುವ ಹಾನಿಗೆ) +1 ಸಿಗುತ್ತದೆ, ಏಟು ತಾಗಿಸಲು ಏನೂ ಇಲ್ಲ. ಫೈಟರ್‌ಗೆ (ಯೋಧನ ಪಾತ್ರಕ್ಕೆ) ಸ್ಟ್ರೆಂತ್ 18 ಬಿದ್ದರೆ ಮತ್ತೆ ನೂರರ ಡೈಸ್ ಉರುಳಿಸಬೇಕು. ಯಾರು ನೆನಪಿಟ್ಟುಕೊಳ್ಳುತ್ತಾರೆ?

ಮೊದಲು ನೆನಪಾಗುವುದು 2000ದ ಮೂರನೇ ಆವೃತ್ತಿಯ ಲೆಕ್ಕ. ಸ್ಕೋರ್‌ನಿಂದ 10 ಕಳೆದು ಅರ್ಧ ಮಾಡಿದರೆ ಬೋನಸ್ ಸಿಕ್ಕಂತೆ. ಲೆಕ್ಕ ಸುಲಭ, ಆದರೆ ಆಟ ಕೆಡುತ್ತದೆ. 18 ಇದ್ದವನಿಗೆ +4. ಹಳೇ ಆವೃತ್ತಿಯ ಆರ್ಕ್ ಎಂಬ ರಾಕ್ಷಸನಿಗೆ ಇರುವುದು 1ರಿಂದ 8 ಹಿಟ್ ಪಾಯಿಂಟ್ (ಜೀವದ ಅಂಕ). ಇವನ ಕತ್ತಿಯ ಕನಿಷ್ಠ ಏಟೇ 5. ರಾಕ್ಷಸರನ್ನೂ ತಿದ್ದಬೇಕು ಅಂತಾದರೆ ಸರಳ ಮಾಡಿ ಏನು ಬಂತು?

ಸ್ಕೋರ್‌ಗಿಂತ ಕಡಿಮೆ ಉರುಳಿಸುವ ನಿಯಮದಲ್ಲಿ ಬೋನಸ್‌ಗಳೇ ಬೇಡ. 20ರ ಡೈಸ್‌ನಲ್ಲಿ ಸ್ಕೋರ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಗೆದ್ದಂತೆ. ಗೋಡೆ ಹತ್ತಲು, ಬಾಗಿಲು ದೂಡಲು ಚೆನ್ನಾಗಿದೆ. ಆದರೆ 9 ಇದ್ದವನಿಗೆ 45%, 16 ಇದ್ದವನಿಗೆ 80%, ಮತ್ತು ಎಷ್ಟೇ ಲೆವೆಲ್ ಏರಿದರೂ ಅಷ್ಟೇ. ಕಾದಾಟಕ್ಕಂತೂ ಬರುವುದಿಲ್ಲ.

ನಿಜವಾದ ಪೈಪೋಟಿ ಇನ್ನೆರಡರ ನಡುವೆ. 1981ರ ಬೇಸಿಕ್ ಸೆಟ್‌ನಲ್ಲಿ (ಡಿ ಆ್ಯಂಡ್ ಡಿಯ ಸರಳ ಆವೃತ್ತಿ) ಎಲ್ಲ ಗುಣಕ್ಕೂ ಹೆಚ್ಚುಕಡಿಮೆ ಒಂದೇ ಪಟ್ಟಿ: 9ರಿಂದ 12ಕ್ಕೆ ಏನಿಲ್ಲ, 13ರಿಂದ 15ಕ್ಕೆ +1, 16-17ಕ್ಕೆ +2, 18ಕ್ಕೆ +3. ಕೆಳಗೂ ಹೀಗೇ, 3 ಬಂದರೆ -3. ಸ್ಕೋರ್‌ಗಾಗಿ ಆರು ಮುಖದ ಮೂರು ಡೈಸ್ ಉರುಳಿಸಿದಾಗ ಹತ್ತಿರಹತ್ತಿರ ಅರ್ಧದಷ್ಟು ಸಲ ಸೊನ್ನೆಯೇ ಬರುತ್ತದೆ. +3 ಸಿಗುವುದು 216ಕ್ಕೆ ಒಮ್ಮೆ. ಹಾಗಾಗಿ ಯಾರೂ ಅತಿ ಬಲಶಾಲಿ ಆಗುವುದಿಲ್ಲ.

ಹಾಗಿದ್ದರೆ ಸ್ಕೋರ್ ಯಾಕೆ, ಬರೀ +1, +2 ಬರೆದುಕೊಂಡರೆ ಸಾಲದೇ ಅಂತ ಅನ್ನಿಸುತ್ತದೆ, ಅಲ್ವಾ? ನಾವು ಹಾಗೂ ಆಡಿದೆವು. ಕ್ಯಾರೆಕ್ಟರ್ ಶೀಟ್ ಅಂಗೈ ಅಗಲಕ್ಕೆ ಇಳಿಯಿತು. ಅನುಭವದ ಅಂಕಗಳಿಗೆ (ಲೆವೆಲ್ ಏರಿಸುವ ಅಂಕ) ಸಿಗುವ ಬೋನಸ್ ಕೂಡ ಸಲೀಸಾಗಿ ಹೊಂದುತ್ತದೆ: ಮುಖ್ಯ ಗುಣ ಒಂದೇ ಇರುವ ಫೈಟರ್, ಕಳ್ಳರಂಥವರಿಗೆ +1 ಇದ್ದರೆ 5%, +2 ಅಥವಾ ಜಾಸ್ತಿ ಇದ್ದರೆ 10%. 1981ರ ನಿಯಮದಲ್ಲೂ ಗೆರೆ ಬೀಳುವುದು ಇದೇ 13 ಮತ್ತು 16ರ ಬಳಿ.

ತೊಡಕು ಬಂದದ್ದು ಶ್ಯಾಡೋ ಎಂಬ ನೆರಳಿನಂಥ ರಾಕ್ಷಸ ಎದುರಾದಾಗ. ಅದು ಮುಟ್ಟಿದರೆ 1 ಸ್ಟ್ರೆಂತ್ ಹೋಗುತ್ತದೆ. ಸ್ಕೋರ್ 15 ಇದ್ದವನು ಎರಡು ಸಲ ಮುಟ್ಟಿಸಿಕೊಂಡರೂ +1 ಉಳಿಸಿಕೊಳ್ಳುತ್ತಾನೆ. ಸ್ಕೋರೇ ಇಲ್ಲದಿದ್ದರೆ ಮೊದಲ ಮುಟ್ಟಿಗೇ +1 ಮಾಯ. ಮೂರು ಮುಟ್ಟಿಗೆ ಒಂದು ಮೆಟ್ಟಿಲು ಇಳಿಸೋಣ ಅಂದೆವು. ಆಮೇಲೆ ಮುಟ್ಟಿದ್ದನ್ನು ಎಣಿಸಲು ಗೀಟು ಎಳೆಯಬೇಕಾಯಿತು. ಅಳಿಸಿದ ಸ್ಕೋರನ್ನೇ ಹಿಂಬಾಗಿಲಿಂದ ಕರೆತಂದ ಹಾಗಾಯಿತು.

ಆದ್ದರಿಂದ ದೀರ್ಘ ಆಟಕ್ಕೆ 1981ರ ಪಟ್ಟಿಯೇ ನನ್ನ ಆಯ್ಕೆ, ಸ್ಕೋರ್ ಸಮೇತ. ಒಂದೇ ಸಂಜೆಯ ಆಟವಾದರೆ ಬರೀ ಬೋನಸ್ ಸಾಕು, ಶ್ಯಾಡೋಗಳನ್ನು ಮಾತ್ರ ಹೊರಗಿಡಿ.