ಜಿಯೋಸ್ ಸಿಮ್ಯುಲೇಟರ್: ಪುಕ್ಕಟೆ ಸಿಗುತ್ತದೆ, ಆದರೆ ಬೆವರು ಇಳಿಸುತ್ತದೆ

ಜಿಯೋಸ್ ಅಂದರೆ, ಬಾವಿಯೊಳಕ್ಕೆ ನೀರು, ಮರಳನ್ನು ಜೋರಾಗಿ ಪಂಪ್ ಮಾಡಿ ಗ್ಯಾಸ್‌ಗಾಗಿ ಬಂಡೆ ಸೀಳುವ ಕೆಲಸವನ್ನು (ಇದಕ್ಕೆ ಫ್ರ್ಯಾಕ್ ಮಾಡುವುದು ಅನ್ನುತ್ತಾರೆ) ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವ ಸಾಫ್ಟ್‌ವೇರ್. ಮೊದಲೇ ಹೇಳಿಬಿಡುತ್ತೇನೆ. ನಾಳೆ ಬಾವಿಗೆ ಎಷ್ಟು ನೀರು, ಎಷ್ಟು ಮರಳು ಪಂಪ್ ಮಾಡಬೇಕು ಅಂತ ಬೇಗ ಲೆಕ್ಕ ಬೇಕಿದ್ದವರು ಜಿಯೋಸ್ ಕಡೆ ಬರಬೇಡಿ. ಬಂಡೆ ಹೇಗೆ ಸೀಳುತ್ತದೆ, ಸೀಳು ಎಲ್ಲಿಗೆ ಹೋಗಿ ಯಾಕೆ ನಿಲ್ಲುತ್ತದೆ ಅಂತ ತಲೆ ಕೆಡಿಸಿಕೊಳ್ಳುವವರು ಮಾತ್ರ ಮುಂದೆ ಓದಿ.

ಇದು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ, ಸ್ಟ್ಯಾನ್‌ಫರ್ಡ್, ಟೋಟಲ್‌ಎನರ್ಜೀಸ್ ಮೊದಲಾದವರು ಸೇರಿ ಬೆಳೆಸಿದ ಓಪನ್ ಸೋರ್ಸ್ ಸಾಫ್ಟ್‌ವೇರ್. ಹಿಂದೆ ಜಿಯೋಸ್‌ಎಕ್ಸ್ ಅನ್ನುತ್ತಿದ್ದರು. ಪುಣೆಯ ನಮ್ಮ ಆಫೀಸಿನಲ್ಲಿ ಇದಕ್ಕೂ ಮುಂಚೆ ದುಡ್ಡು ಕೊಟ್ಟು ತಂದ ಒಂದು ಪ್ಯಾಕೇಜ್ ಇತ್ತು. ಲೈಸೆನ್ಸ್ ಮುಗಿದಿದ್ದೇ ತಡ, ನಮ್ಮದೇ ಹಳೇ ಫೈಲ್ ತೆರೆಯಲೂ ಬಿಡಲಿಲ್ಲ. ಹೆಸರು ಬೇಡ ಬಿಡಿ.

ಜಿಯೋಸ್‌ನಲ್ಲಿ ಮೌಸ್ ಹಿಡಿದು ಕ್ಲಿಕ್ ಮಾಡುವ ಮಾತೇ ಇಲ್ಲ. ಲಿನಕ್ಸ್ ಗೊತ್ತಿರಬೇಕು, ಎಲ್ಲವನ್ನೂ ಎಕ್ಸ್‌ಎಂಎಲ್ ಎಂಬ, ಟ್ಯಾಗ್ ಹಾಕಿ ಬರೆಯುವ ಪಠ್ಯದ ಫೈಲಿನಲ್ಲಿ ಬರೆಯಬೇಕು, ಫಲಿತಾಂಶವನ್ನು ಪ್ಯಾರಾವ್ಯೂ ಎಂಬ, ಚಿತ್ರ ಬಿಡಿಸಿ ತೋರಿಸುವ ಬೇರೆ ಸಾಫ್ಟ್‌ವೇರಿನಲ್ಲಿ ನೋಡಬೇಕು.

ಹೊಸಬರು ಮುಗ್ಗರಿಸುವುದು ಅಳತೆಯಲ್ಲಿ. ಫೀಲ್ಡ್‌ನವರ ಬಾಯಲ್ಲಿ ನೀರಿಗೆ ಬ್ಯಾರೆಲ್, ಒತ್ತಡಕ್ಕೆ ಪಿಎಸ್ಐ. ಇಲ್ಲಿ ಎಲ್ಲ ಮೀಟರ್, ಕಿಲೋ, ಪ್ಯಾಸ್ಕಲ್. ನಿಮಿಷಕ್ಕೆ 60 ಬ್ಯಾರೆಲ್ ನೀರು ಅಂದರೆ ಇಲ್ಲಿ ಸೆಕೆಂಡಿಗೆ ಸುಮಾರು 159 ಕಿಲೋ. ಆ ಅಂಕಿಗೆ ಮೈನಸ್ ಬೇರೆ ಹಾಕಬೇಕು, ಒಳಗೆ ಹೋಗುವ ಹರಿವಿಗೆ ಇಲ್ಲಿ ಮೈನಸ್ ಲೆಕ್ಕ. ಧಾರವಾಡದಿಂದ ಬಂದ ಹುಡುಗನೊಬ್ಬ ಅದನ್ನು ಬಿಟ್ಟು ರನ್ ಕೊಟ್ಟಿದ್ದ. "ಸರ, ಕಲ್ಲು ಒಡೀವಲ್ದು ನೋಡ್ರಿ" ಅಂತ ಬಂದ. ಒಡೆಯುವುದಾದರೂ ಹೇಗೆ, ಅವನು ಬಂಡೆಯಿಂದ ನೀರು ಹೀರುತ್ತಿದ್ದ! ಇನ್ನು ನಾಲ್ಕೂ ಭಾಗ ಒಂದೇ ತರ ಅಂತ ಸೀಳಿನ ಕಾಲು ಭಾಗವನ್ನಷ್ಟೇ ಮಾಡೆಲ್ ಮಾಡಿದರೆ ಹರಿವನ್ನೂ ನಾಲ್ಕರಿಂದ ಭಾಗಿಸಬೇಕು. ಅದನ್ನು ಯಾರೂ ನೆನಪಿಸುವುದಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಇದರ ಜೊತೆಗೇ ಬರುವ ಪರೀಕ್ಷೆಯ ಉದಾಹರಣೆಗಳು. ಸೀಳಿನ ಉದ್ದ, ಅಗಲ, ಒತ್ತಡವನ್ನು ಲೆಕ್ಕ ಹಾಕುವ ಪಿಕೆಎನ್, ಕೆಜಿಡಿ ಎಂಬ ಹಳೇ ಸೂತ್ರಗಳ ಜೊತೆ ನಿಮ್ಮ ಉತ್ತರವನ್ನು ತಾಳೆ ನೋಡಬಹುದು. ಪರ್ಕಿನ್ಸ್ ಮತ್ತು ಕರ್ನ್ 1961ರಲ್ಲಿ ಬರೆದ ಲೆಕ್ಕಕ್ಕೆ ನಾರ್ಡ್‌ಗ್ರೆನ್ 1972ರಲ್ಲಿ ಬಂಡೆಯೊಳಕ್ಕೆ ಸೋರುವ ನೀರನ್ನೂ ಸೇರಿಸಿದರು, ಅದೇ ಪಿಕೆಎನ್. ಅದರಲ್ಲಿ ಸೀಳು ಉದ್ದವಾದಂತೆ ಬಾವಿಯ ಹತ್ತಿರದ ಒತ್ತಡ ಏರುತ್ತದೆ, ಕೆಜಿಡಿಯಲ್ಲಿ ಇಳಿಯುತ್ತದೆ. ಗ್ರಾಫ್ ಯಾವ ಕಡೆ ತಿರುಗಿತು ಅಂತ ನೋಡಿದರೇ ಅರ್ಧ ತಪ್ಪು ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಇದು ಪಾಸಾಗದೆ ಯಾರೂ ನಿಜವಾದ ಬಾವಿಯ ಡೇಟಾ ಮುಟ್ಟುವಂತಿಲ್ಲ.

ನಿಜವಾದ ಡೇಟಾ ಎಲ್ಲಿಂದ? ಪಶ್ಚಿಮ ಬಂಗಾಳದ ದುರ್ಗಾಪುರದ ಹತ್ತಿರ ಇಚ್ಛಾಪುರದಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಗೆ 2011ರ ಜನವರಿಯಲ್ಲೇ ಶೇಲ್ ಗ್ಯಾಸ್, ಅಂದರೆ ಪದರುಪದರಾದ ಜೇಡಿಬಂಡೆಯೊಳಗಿನ ಗ್ಯಾಸ್, ಸಿಕ್ಕಿತ್ತು. ಆದರೂ ನಾವು ಕಲಿತದ್ದು ಅಮೆರಿಕದ ಪಶ್ಚಿಮ ವರ್ಜೀನಿಯಾದ ಮಾರ್ಸೆಲಸ್ ಶೇಲ್ ಮೇಲೆ. ಯಾಕಂದರೆ ಅಲ್ಲಿನ ಮಾರ್ಗನ್‌ಟೌನ್ ಹತ್ತಿರದ ಸಂಶೋಧನಾ ಬಾವಿಗಳ ಮಾಹಿತಿ ಎಲ್ಲರಿಗೂ ತೆರೆದಿದೆ. ಮಾಡೆಲ್‌ನಲ್ಲಿ ಶೇಲ್ ಮೇಲಿನ, ಕೆಳಗಿನ ಪದರಗಳಲ್ಲಿ ಅಡ್ಡ ಒತ್ತಡವನ್ನು ಸ್ವಲ್ಪ ಏರಿಸಿ ನೋಡಿ. ಮೇಲಕ್ಕೆ ಹೋಗುತ್ತಿದ್ದ ಸೀಳು ಅಲ್ಲೇ ತಡೆದು ಉದ್ದಕ್ಕೆ ಓಡುತ್ತದೆ. ಪಕ್ಕಪಕ್ಕದಲ್ಲಿ ಮೂರು ಸೀಳು ಬಿಟ್ಟರೆ ನಡುವಿನದು ಬಡವಾಗುತ್ತದೆ, ಆಚೀಚಿನವು ಅದನ್ನು ಅದುಮುತ್ತವೆ. ಪುಸ್ತಕದಲ್ಲಿ ಓದಿದ್ದಕ್ಕೂ ಪರದೆ ಮೇಲೆ ಕಣ್ಣಾರೆ ನೋಡುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಆದರೆ ಚಿತ್ರ ಚೆನ್ನಾಗಿ ಬಂತು ಅಂತ ನಂಬಿ ಕೂರಬೇಡಿ. ಸೀಳು ಯಾವ ಸಮತಲದಲ್ಲಿ ಬೆಳೆಯಬೇಕು ಅಂತ ಸಾಮಾನ್ಯವಾಗಿ ನಾವೇ ಮೊದಲು ಹೇಳಿಕೊಟ್ಟಿರುತ್ತೇವೆ. ನಿಜವಾದ ಬಂಡೆ ಹಾಗೆ ಹೇಳಿದ್ದು ಕೇಳುವುದಿಲ್ಲ. ಟೆಕ್ಸಾಸ್‌ನಲ್ಲಿ ಫ್ರ್ಯಾಕ್ ಆದ ಬಂಡೆಯೊಳಗಿಂದಲೇ ಕೋರ್ (ಕೊರೆದು ತೆಗೆದ ಕಲ್ಲಿನ ಕಂಬ) ತೆಗೆದು ನೋಡಿದಾಗ ಒಂದೇ ಸೀಳಲ್ಲ, ಒತ್ತೊತ್ತಾಗಿ ಸೀಳುಗಳ ಗುಂಪುಗಳೇ ಕಂಡವು.

ದೊಡ್ಡ ಮೆಶ್ (ಲೆಕ್ಕಕ್ಕಾಗಿ ಬಂಡೆಯನ್ನು ಚೂರುಚೂರಾಗಿ ವಿಂಗಡಿಸಿದ ಜಾಲ) ಆದರೆ ರನ್ ರಾತ್ರಿಯಿಡೀ ಓಡುತ್ತದೆ. ಪುಣೆಯ ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲ, ಅದಕ್ಕೆ ನಿಂತಲ್ಲಿಂದಲೇ ಮತ್ತೆ ಶುರು ಮಾಡಲು ರೀಸ್ಟಾರ್ಟ್ ಫೈಲ್ ಬರೆಯುವ ಆಯ್ಕೆ ಆನ್ ಮಾಡಿಯೇ ಮನೆಗೆ ಹೋಗಿ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಆವೃತ್ತಿ ಬದಲಾದಾಗ ಎಕ್ಸ್‌ಎಂಎಲ್‌ನ ಟ್ಯಾಗ್ ಹೆಸರುಗಳೂ ಆಗಾಗ ಬದಲಾಗುತ್ತವೆ, ಒಂದು ಸ್ಟಾರ್ ಕಡಿಮೆಯಾದದ್ದು ಅದಕ್ಕೇ. ಪ್ರತಿ ಪ್ರಾಜೆಕ್ಟ್ ಫೋಲ್ಡರಿನಲ್ಲಿ ಯಾವ ಆವೃತ್ತಿ ಬಳಸಿದಿರಿ ಅಂತ ಬರೆದಿಡಿ.